ರಾಕೆಟ್ ಟ್ರೂಪ್: ಕುದುರೆ ಫಿರಂಗಿ ಪಡೆ ಮತ್ತು ನಮ್ಮ ಮೈಸೂರು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಫಿರಂಗಿಯನ್ನು ಕುದುರೆ ಎಳೆದ ಮಾತ್ರಕ್ಕೆ ಅದು ಕುದುರೆ ಫಿರಂಗಿ ಪಡೆ ಆಗುವುದಿಲ್ಲ. ಮಾಮೂಲಿ ಪಡೆಯಲ್ಲೂ ಎಳೆಯುತ್ತಿದ್ದದ್ದು ಕುದುರೆಗಳೇ. ಗೋಲಂದಾಜರು, ಅಂದರೆ ಫಿರಂಗಿ ಹಾರಿಸುವವರು, ಮಾತ್ರ ಹೆಚ್ಚಾಗಿ ಪಕ್ಕದಲ್ಲಿ ನಡೆಯುತ್ತಿದ್ದರು. ಕುದುರೆ ಫಿರಂಗಿ ಪಡೆಯಲ್ಲಿ ಅವರಿಗೂ ಸವಾರಿ. ಅದಕ್ಕೇ ಅಶ್ವದಳದ ವೇಗಕ್ಕೆ ಸಮನಾಗಿ ಓಡಲು ಆಗುತ್ತಿತ್ತು. ಬ್ರಿಟನ್ನಿನ ರಾಯಲ್ ಹಾರ್ಸ್ ಆರ್ಟಿಲರಿ ಹುಟ್ಟಿದ್ದು 1793ರಲ್ಲಿ.

ಈ ಪಡೆಗೆ ಬಾವುಟ ಇಲ್ಲ, ಫಿರಂಗಿಗಳೇ ಬಾವುಟ. ಫಿರಂಗಿ ಸಮೇತ ಪರೇಡಿಗೆ ಬಂದರೆ ಸಾಲಿನ ಬಲತುದಿ ಇವರದ್ದೇ, ರಾಜಮನೆತನದ ಅಶ್ವದಳವೂ ಆಮೇಲೆ. ಬಿಂಕ ಸ್ವಲ್ಪ ಜಾಸ್ತಿನೇ, ಅಲ್ವಾ?

ನಮಗೆ ಹತ್ತಿರದ್ದು ಇದರ 'ಓ' ಬ್ಯಾಟರಿ, ಅಂದರೆ ಫಿರಂಗಿ ತುಕಡಿ. ಅದರ ಗೌರವದ ಹೆಸರು 'ರಾಕೆಟ್ ಟ್ರೂಪ್'. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗೆ ಕಬ್ಬಿಣದ ಕೊಳವೆ ಇತ್ತು. ಒಳಗಿನ ಒತ್ತಡ ಎಷ್ಟೇ ಏರಿದರೂ ಕಾಗದದ ಕೊಳವೆಯಂತೆ ಸುಲಭವಾಗಿ ಸಿಡಿಯದು, ಹಾಗಾಗಿ ದೂರ ಹೋಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಶ್ರೀರಂಗಪಟ್ಟಣದ ಯುದ್ಧದ ನಂತರ ಬ್ರಿಟಿಷರು ಕೆಲವನ್ನು ಲಂಡನ್ನಿನ ವೂಲಿಚ್ ಶಸ್ತ್ರಾಗಾರಕ್ಕೆ ಒಯ್ದರು. ಇಂಗ್ಲಿಷ್ ಸಂಶೋಧಕ ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನದೇ ರಾಕೆಟ್ ಮಾಡಿದ.

1813ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲೈಪ್‌ಜಿಗ್ ಯುದ್ಧ. ನೆಪೋಲಿಯನ್ ವಿರುದ್ಧದ ಆ ದೊಡ್ಡ ಸೇನೆಯಲ್ಲಿ ಬ್ರಿಟನ್ನಿನ ತುಕಡಿ ಒಂದೇ ಒಂದು, ಕ್ಯಾಪ್ಟನ್ ರಿಚರ್ಡ್ ಬೋಗ್ ನಡೆಸುತ್ತಿದ್ದ ಇದೇ ರಾಕೆಟ್ ಪಡೆ. ಪೌನ್ಸ್‌ಡಾರ್ಫ್ ಹಳ್ಳಿಯ ಬಳಿ ರಾಕೆಟ್ ಸುರಿದಾಗ ಎದುರಿನ ಪದಾತಿಗಳು ದಿಕ್ಕೆಟ್ಟು ಶರಣಾದರು. ಬೋಗ್ ಮಾತ್ರ ಅದೇ ದಿನ ಗುಂಡೇಟಿಗೆ ಸತ್ತ.

ಎರಡು ವರ್ಷದ ಮೇಲೆ, ಮತ್ತೆ ನೆಪೋಲಿಯನ್ ವಿರುದ್ಧವೇ ನಡೆದ ವಾಟರ್‌ಲೂ ಯುದ್ಧಕ್ಕೆ ಈ ಪಡೆಯನ್ನು ಕರೆತಂದವನು ಕ್ಯಾಪ್ಟನ್ ವಿನ್‌ಯೇಟ್ಸ್. ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್‌ಗೆ ರಾಕೆಟ್ ಎಂದರೆ ಆಗದು. ರಾಕೆಟ್ ಬಿಟ್ಟು ಫಿರಂಗಿ ತಗೊಳ್ಳಿ ಅಂದ. ಹಾಗೆ ಮಾಡಿದರೆ ವಿನ್‌ಯೇಟ್ಸ್ ಎದೆ ಒಡೆದೀತು ಎಂದು ಯಾರೋ ಹೇಳಿದ್ದಕ್ಕೆ, ಅವನ ಎದೆ ಹಾಳಾಗಿ ಹೋಗಲಿ, ಹೇಳಿದ್ದು ಮಾಡಿ ಎಂದು ಗದರಿದನಂತೆ. ಕೊನೆಗೆ ಫಿರಂಗಿಯ ಜೊತೆಗೆ ಒಂದಷ್ಟು ರಾಕೆಟ್ಟೂ ಬಂದವು. ಯುದ್ಧದ ಹಿಂದಿನ ದಿನ, ಜೂನ್ 17ರಂದು, ಜೆನಾಪ್ ರಸ್ತೆಯಲ್ಲಿ ಮೊದಲನೆಯದು ನೇರ ಹೋಗಿ ಫ್ರೆಂಚ್ ಫಿರಂಗಿಯವರನ್ನು ಚದುರಿಸಿತು. ಉಳಿದವು ಎತ್ತೆತ್ತಲೋ ಹಾರಿದವು. ಒಂದಂತೂ ಹಿಂದಕ್ಕೆ ತಿರುಗಿ, ಅಲ್ಲೇ ಇದ್ದ ಬ್ರಿಟಿಷ್ ಫಿರಂಗಿ ಅಧಿಕಾರಿ ಮರ್ಸರ್‌ನನ್ನೇ ಅಟ್ಟಿಸಿಕೊಂಡು ಬಂತು. ಇದನ್ನು ಬರೆದಿಟ್ಟವನೂ ಅವನೇ.