ಮೂವ್‌ನ ಪೆಟ್ಟು ಇಳಿಸಬಾರದೇ, ಬ್ಯಾನ್ ಯಾಕೆ ಮಾಡ್ತಾರೆ?

ಓದುಗರ ಪ್ರಶ್ನೆ: "ಪೊಕೆಮಾನ್ ಶೋಡೌನ್ ಆಡಲು ಶುರು ಮಾಡಿ ಮೂರು ತಿಂಗಳಾಯ್ತು. ನನ್ನ ಚಾರಿಜಾರ್ಡ್ ಕಣಕ್ಕೆ ಇಳಿದ ಕೂಡಲೇ ಸ್ಟೆಲ್ತ್ ರಾಕ್ ಎಂಬ ಮೂವ್ ಕಣದಲ್ಲಿ ಹರಡಿದ ಕಲ್ಲುಗಳಿಂದ ಅರ್ಧ ಜೀವ ಹೋಗುತ್ತೆ. ಇದನ್ನು ನಡೆಸುವವರು ಅಭಿಮಾನಿಗಳೇ ಅಲ್ವಾ? ಆ ಅರ್ಧವನ್ನು ಕಾಲು ಮಾಡಿದರೆ ಸಾಕಿತ್ತು. ಅದನ್ನೂ ಮಾಡಲ್ಲ, ಬ್ಯಾನೂ ಮಾಡಲ್ಲ. ಬೇರೆ ಕೆಲವು ಮೂವ್‌ಗಳನ್ನು ಮಾತ್ರ ಪೂರ್ತಿ ಬ್ಯಾನ್ ಮಾಡ್ತಾರೆ. ಯಾಕೆ ಹೀಗೆ?"

ಹೊಸದಾಗಿ ಆಡುವವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ನಾನೂ ಕೇಳಿದ್ದೆ. ಚಿಕ್ಕ ಉತ್ತರ ಇಷ್ಟೇ: ಆಟದ ಒಳಗಿನ ಅಂಕಿಗಳು ಅಭಿಮಾನಿಗಳ ಕೈಯಲ್ಲಿ ಇಲ್ಲ. ಏನನ್ನು ಬಳಸಬಾರದು ಎಂಬ ಒಪ್ಪಂದ ಮಾತ್ರ ಅವರ ಕೈಯಲ್ಲಿದೆ. ಆ ಒಪ್ಪಂದಕ್ಕೆ ಬರೋದು ಎಷ್ಟು ಕಷ್ಟ ಅನ್ನೋದೇ ಇದರಲ್ಲಿ ಸ್ವಾರಸ್ಯದ ವಿಷಯ.

ಬೀದಿ ಕ್ರಿಕೆಟ್ ನೆನಪಿಸಿಕೊಳ್ಳಿ. ಪಕ್ಕದ ಮನೆ ಕಾಂಪೌಂಡ್ ಒಳಗೆ ಬಾಲ್ ಹೋದರೆ ಔಟ್ ಅಂತ ನಾವೇ ಮಾತಾಡಿಕೊಳ್ತೀವಿ. ಆದರೆ ಸಿಕ್ಸರ್‌ಗೆ ನಾಲ್ಕೂವರೆ ರನ್ ಕೊಡೋಣ ಅಂತ ಯಾರೂ ಹೇಳಲ್ಲ. ಹಾಗೆ ಮಾಡಿದರೆ ಅದು ಕ್ರಿಕೆಟ್ ಅಂತ ಅನಿಸೋದೇ ಇಲ್ಲ.

ಈ ಒಪ್ಪಂದಗಳನ್ನು ಮಾಡುವ ಸ್ಮೋಗನ್ ಎಂಬ ಆಟಗಾರರ ಬಳಗ 2004ರಲ್ಲಿ ಶುರುವಾಯಿತು. ಶೋಡೌನ್ ಎಂಬ ಸಿಮ್ಯುಲೇಟರ್ ಬಂದಿದ್ದು 2011ರಲ್ಲಿ. ಬ್ರೌಸರ್ ತೆರೆದು ಪುಕ್ಕಟೆ ಆಡಬಹುದು, ಕನ್ಸೋಲ್ ಬೇಕಿಲ್ಲ. ನಿಂಟೆಂಡೊ ಇಲ್ಲದ ನಮ್ಮಂಥವರ ಮನೆಗೂ ಈ ಆಟ ಬಂದಿದ್ದು ಹೀಗೇ. ಶೋಡೌನ್ ನಮಗೆ ಕೊಡುವ ಮಾತು ಒಂದೇ: ಇಲ್ಲಿ ನಡೆಯುವ ಪಂದ್ಯ ನಿಜವಾದ ಆಟದಲ್ಲಿ ಹೇಗೆ ನಡೆಯುತ್ತೋ ಹಾಗೇ ನಡೆಯುತ್ತದೆ. ಸ್ಟೆಲ್ತ್ ರಾಕ್‌ನ ಪೆಟ್ಟನ್ನು ಇವತ್ತು ಕಾಲು ಭಾಗಕ್ಕೆ ಇಳಿಸಿದರೆ ಆ ಮಾತು ಮುರಿಯುತ್ತದೆ. ನಾಳೆ ಇನ್ನೊಬ್ಬರು ಬಂದು ಅರ್ತ್‌ಕ್ವೇಕ್ ಎಂಬ ಮೂವ್‌ನ ಪವರ್ 100 ಜಾಸ್ತಿ ಆಯ್ತು, 90 ಮಾಡಿ ಅಂತಾರೆ. 90 ಯಾಕೆ, 85 ಯಾಕಲ್ಲ? ಇದಕ್ಕೆ ಕೊನೆಯೇ ಇಲ್ಲ. "ಬಳಸಬಹುದು, ಬಳಸಬಾರದು" ಎಂಬ ಪ್ರಶ್ನೆಗಾದರೆ ಮತ ಹಾಕಿ ಒಂದು ತೀರ್ಮಾನಕ್ಕೆ ಬರಬಹುದು.

ಆದರೆ ಒಂದು ಜಾಗದಲ್ಲಿ ಈ ಬಳಗವೇ ತನ್ನ ಮಾತು ಮುರಿದಿತ್ತು. ಅದು ನಿದ್ದೆಯ ವಿಷಯದಲ್ಲಿ.

ಸ್ಪೋರ್ ಎಂಬ ಮೂವ್ 100% ಗುರಿ ಮುಟ್ಟುತ್ತದೆ. ಪೆಟ್ಟು ತಿಂದ ಪೊಕೆಮಾನ್ ಈಗಿನ ಆಟಗಳಲ್ಲಿ ಒಂದರಿಂದ ಮೂರು ಸರದಿ ಮಲಗಿಬಿಡುತ್ತದೆ. ತಂಡದ ಆರಕ್ಕೆ ಆರನ್ನೂ ಒಂದೊಂದಾಗಿ ಮಲಗಿಸಿದರೆ ಎದುರಾಳಿ ಸುಮ್ನೆ ಕೂತು ನೋಡಬೇಕು, ಅಷ್ಟೇ. ಅದಕ್ಕೇ ಸ್ಲೀಪ್ ಕ್ಲಾಜ್ ಎಂಬ ನಿಯಮ ಬಂತು: ಎದುರಾಳಿಯ ಒಂದು ಪೊಕೆಮಾನನ್ನು ಆಗಲೇ ಮಲಗಿಸಿದ್ದರೆ ಇನ್ನೊಂದನ್ನು ಮಲಗಿಸುವಂತಿಲ್ಲ. ಹಳೆಯ ಪೊಕೆಮಾನ್ ಸ್ಟೇಡಿಯಂ ಆಟದಲ್ಲಿ ನಿಂಟೆಂಡೊ ಕೂಡ ಇಂಥ ನಿಯಮ ಇಟ್ಟಿತ್ತು. ಆದರೆ ಮುಖ್ಯ ಆಟಗಳಲ್ಲಿ ಇದು ಇಲ್ಲ. ಅಲ್ಲಿ ಎರಡನೇ ಸಲ ಸ್ಪೋರ್ ಹಾಕಿದರೂ ತಗಲುತ್ತದೆ. ಶೋಡೌನ್‌ನಲ್ಲಿ ಮಾತ್ರ ಅದು ಫೇಲ್ ಆಗುತ್ತಿತ್ತು. ಅಂದರೆ ನಿಜವಾದ ಆಟದಲ್ಲಿ ಇಲ್ಲದ ಒಂದು ನಡೆಯನ್ನು ಸಿಮ್ಯುಲೇಟರ್ ಸೇರಿಸಿತ್ತು. ಅದಕ್ಕೇ ಆ ನಿಯಮದ ಹೆಸರಿನ ಜೊತೆ "ಮಾಡ್" (ತಿದ್ದುಪಡಿ) ಅಂತಲೂ ಬರೆಯುತ್ತಿದ್ದರು, ಬಚ್ಚಿಡಲಿಲ್ಲ.

ಇದರ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. "ಒಂದನ್ನು ಮಲಗಿಸಿದರೂ ಅದು ಅನ್ಯಾಯವೇ, ಯಾಕೆ ಉಳಿಸಬೇಕು?" ಅಂತ ಒಂದು ಕಡೆ. "ಇಷ್ಟು ದಿನ ಎಲ್ಲರೂ ಇದಕ್ಕೆ ಹೊಂದಿಕೊಂಡೇ ಆಡಿದ್ದೀವಲ್ಲ" ಅಂತ ಇನ್ನೊಂದು ಕಡೆ. ಕೊನೆಗೆ 2024ರಲ್ಲಿ ಒಂಬತ್ತನೇ ತಲೆಮಾರಿನ ಆಟಗಳ ಓಯು ಎಂಬ ಮುಖ್ಯ ಟಿಯರ್‌ನಲ್ಲಿ (ಅಂದರೆ ಸ್ಪರ್ಧೆಯ ವಿಭಾಗದಲ್ಲಿ) ಆ ಹಳೆಯ ನಿಯಮ ತೆಗೆದು, ಎದುರಾಳಿಯನ್ನು ಮಲಗಿಸುವ ಮೂವ್‌ಗಳನ್ನೇ ಬ್ಯಾನ್ ಮಾಡಿದರು. ನನಗೆ ಈ ತೀರ್ಮಾನ ಸರಿ ಅನಿಸುತ್ತದೆ. ಒಂದು ಮೂವ್ ಉಳಿಯಬೇಕು ಅಂತ ಆಟದ ನಡವಳಿಕೆಯನ್ನೇ ತಿದ್ದುವುದಕ್ಕಿಂತ ಆ ಮೂವ್ ಬಿಡುವುದು ಪ್ರಾಮಾಣಿಕ ದಾರಿ.

ಈಗ "ಪೂರ್ತಿ ಬ್ಯಾನ್" ವಿಷಯಕ್ಕೆ ಬರೋಣ. ಬಳಗ ಯಾವಾಗಲೂ ನೇರವಾಗಿ ಪೂರ್ತಿ ಬ್ಯಾನ್‌ಗೆ ಹೋಗಿಲ್ಲ. ಬೇಟನ್ ಪಾಸ್ ಕಥೆ ನೋಡಿ. ಎರಡನೇ ತಲೆಮಾರಿನಲ್ಲಿ ಬಂದ ಈ ಮೂವ್ ತಾನಾಗಿ ಒಂದು ಚೂರೂ ಪೆಟ್ಟು ಕೊಡುವುದಿಲ್ಲ. ಕಣದಿಂದ ಹೊರಗೆ ಬರುವಾಗ ಏರಿಸಿಕೊಂಡ ಶಕ್ತಿಯನ್ನೆಲ್ಲ ಮುಂದಿನ ಪೊಕೆಮಾನ್‌ಗೆ ದಾಟಿಸುತ್ತದೆ, ಅಷ್ಟೇ. ಆರನೇ ತಲೆಮಾರಿನಲ್ಲಿ ಆಟಗಾರರು ಇದರ ಸರಪಳಿ ಕಟ್ಟಿದರು. ಸ್ಕೊಲಿಪೀಡ್ ಪ್ರತಿ ಸರದಿಗೂ ವೇಗ ಏರಿಸಿಕೊಂಡು ದಾಟಿಸುತ್ತದೆ. ಮುಂದಿನದು ರಕ್ಷಣೆ ಏರಿಸಿ ದಾಟಿಸುತ್ತದೆ. ಕೊನೆಗೆ ಎಸ್ಪಿಯಾನ್ ಬಂದು ಸ್ಟೋರ್ಡ್ ಪವರ್ ಹೊಡೆಯುತ್ತದೆ. ಆ ಮೂವ್‌ನ ಪವರ್ ಬರೀ 20. ಆದರೆ ಏರಿಸಿಕೊಂಡ ಒಂದೊಂದು ಮೆಟ್ಟಿಲಿಗೂ 20 ಸೇರುತ್ತಾ ಹೋಗುತ್ತದೆ, ಗರಿಷ್ಠ 860ರವರೆಗೆ. ಸರಪಳಿಯನ್ನು ಶುರುವಿನಲ್ಲೇ ಕಡಿಯಬೇಕು. ಇಲ್ಲದಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಇಂಥ ತಂಡದ ಎದುರು ನಾನು ಆಡಿದ್ದೇನೆ. ನಾಲ್ಕನೇ ಸರದಿಗೇ ಗೊತ್ತಾಗುತ್ತದೆ, ಇನ್ನು ನಾನು ಏನೇ ಒತ್ತಿದರೂ ಒಂದೇ ಅಂತ.

2014ರಲ್ಲಿ ಮೊದಲು ಒಂದು ತಂಡದಲ್ಲಿ ಮೂರಕ್ಕಿಂತ ಹೆಚ್ಚು ಪೊಕೆಮಾನ್‌ಗಳಿಗೆ ಬೇಟನ್ ಪಾಸ್ ಇರಬಾರದು ಅಂತ ನಿಯಮ ಮಾಡಿದರು. ಸಾಲಲಿಲ್ಲ. ಆಮೇಲೆ ಒಂದೇ ಒಂದು ಅಂದರು. ಅದರ ಮೇಲೆ, ವೇಗವನ್ನೂ ಬೇರೆ ಶಕ್ತಿಯನ್ನೂ ಒಟ್ಟಿಗೆ ದಾಟಿಸಬಾರದು ಅಂತಲೂ ಸೇರಿಸಿದರು. ಈ ನಿಯಮವನ್ನು ಹೊಸಬರಿಗೆ ಒಂದು ವಾಕ್ಯದಲ್ಲಿ ಹೇಳಿ ನೋಡೋಣ. ಆಗಲ್ಲ. ಏಳನೇ ತಲೆಮಾರಿನ ಓಯುನಲ್ಲಿ ಮೂವ್ ಅನ್ನೇ ಬ್ಯಾನ್ ಮಾಡಿದರು. ಉಪನಿಯಮಕ್ಕೆ ಇನ್ನೊಂದು ಉಪನಿಯಮ ಅಂಟಿಸುತ್ತಾ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ತಪ್ಪು ಮೂವ್‌ನದ್ದೋ ಅದನ್ನು ಬಳಸುವ ಪೊಕೆಮಾನ್‌ನದ್ದೋ ಅನ್ನೋದು ಇನ್ನೊಂದು ದೊಡ್ಡ ವಾದ. ಹೌಂಡ್‌ಸ್ಟೋನ್ ಉದಾಹರಣೆ ತಗೊಳ್ಳಿ. ಇದರ ಲಾಸ್ಟ್ ರೆಸ್ಪೆಕ್ಟ್ಸ್ ಮೂವ್‌ನ ಪವರ್ 50 ಇಂದ ಶುರುವಾಗುತ್ತದೆ, ತನ್ನ ತಂಡದಲ್ಲಿ ಬಿದ್ದ ಒಂದೊಂದು ಪೊಕೆಮಾನ್‌ಗೂ 50 ಏರುತ್ತದೆ. ಐದು ಬಿದ್ದಿದ್ದರೆ 300. ಸೋಲುತ್ತಿರುವ ತಂಡವೇ ಹೀಗೆ ಗೆದ್ದುಬಿಡುತ್ತಿತ್ತು. 2022ರ ಕೊನೆಯಲ್ಲಿ ಆ ಮೂವ್ ಇದ್ದದ್ದು ಹೌಂಡ್‌ಸ್ಟೋನ್‌ಗೆ ಮಾತ್ರ. ಹಾಗಾಗಿ ಹೌಂಡ್‌ಸ್ಟೋನ್ ಅನ್ನೇ ಹೊರಗೆ ಹಾಕಿದರು. 2023ರಲ್ಲಿ ಅದೇ ಮೂವ್ ಹಿಡಿದು ಬ್ಯಾಸ್ಕ್ಯುಲೀಜನ್ ಬಂತು. ಈಗ ಇಬ್ಬರ ಕೈಯಲ್ಲೂ ಒಂದೇ ಆಯುಧ, ಇಬ್ಬರಿಂದಲೂ ಒಂದೇ ಕಾಟ. ಹಾಗಾದರೆ ತಪ್ಪು ಆಯುಧದ್ದೇ ಅಲ್ವಾ? ಮೂವ್ ಬ್ಯಾನ್ ಆಯಿತು, ಹೌಂಡ್‌ಸ್ಟೋನ್ ವಾಪಸ್ ಬಂತು. ಆ ಮೂವ್ ಇಲ್ಲದೆ ಅದು ಸಾಧಾರಣ ನಾಯಿ, ಕೆಳಗಿನ ಟಿಯರ್‌ನಲ್ಲಿ ಹಾಯಾಗಿದೆ.

ಇಂಥ ದೊಡ್ಡ ತೀರ್ಮಾನಗಳಿಗೆ ಮತ ಹಾಕುವವರು ಯಾರು ಅಂತಲೂ ತಿಳಿದಿರಲಿ. ಸಸ್ಪೆಕ್ಟ್ ಟೆಸ್ಟ್ ಅಂತ ನಡೆಯುತ್ತದೆ. ಹೊಸ ಖಾತೆ ತೆರೆದು, ಲ್ಯಾಡರ್ ಎಂಬ ರ‍್ಯಾಂಕ್ ಪಂದ್ಯಗಳಲ್ಲಿ ಆಡಿ, ನಿಗದಿ ಮಾಡಿದ ಮಟ್ಟ ಮುಟ್ಟಿದವರಿಗೆ ಮಾತ್ರ ಮತ. ಓಯುನಲ್ಲಿ ಬ್ಯಾನ್ ಆಗಲು 60% ಮತ ಬೇಕು. ಕೆಲವೊಮ್ಮೆ ತೀರ್ಮಾನ ಬೇಗ ಆಗುತ್ತದೆ: 2019ರ ನವೆಂಬರ್‌ನಲ್ಲಿ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳು ಬಂದವು, ಪೊಕೆಮಾನ್ ಅನ್ನು ಮೂರು ಸರದಿ ದೈತ್ಯವಾಗಿಸುವ ಡೈನಮ್ಯಾಕ್ಸ್ ಡಿಸೆಂಬರ್‌ನಲ್ಲೇ ಓಯುನಿಂದ ಹೊರಬಿತ್ತು. ಆದರೆ ಆಮೇಲೆ ಬಂದ, ಪೊಕೆಮಾನ್‌ನ ಬಗೆಯನ್ನೇ ಬದಲಿಸುವ ಟೆರಾಸ್ಟಲೈಸೇಶನ್ ಮತದಲ್ಲಿ ಉಳಿದುಕೊಂಡಿತು.

ಸರಿ, ನಿಮ್ಮ ಸ್ಟೆಲ್ತ್ ರಾಕ್‌ಗೆ ವಾಪಸ್ ಬರೋಣ. ಈ ಮೂವ್ ಬಂದ 2006ರಿಂದ ಇದರ ಮೇಲೆ ದೂರು ಇದ್ದೇ ಇದೆ. ಕಲ್ಲಿನ ಪೆಟ್ಟು ಸಾಧಾರಣವಾಗಿ ತಗಲುವ ಪೊಕೆಮಾನ್‌ಗೆ 12.5% ಹೋಗುತ್ತದೆ. ಚಾರಿಜಾರ್ಡ್ ಬೆಂಕಿ, ರೆಕ್ಕೆ ಎರಡೂ ಬಗೆಗೆ ಸೇರಿದ್ದು, ಎರಡಕ್ಕೂ ಕಲ್ಲಿನ ಪೆಟ್ಟು ದುಪ್ಪಟ್ಟು. ಹಾಗಾಗಿ ನಾಲ್ಕು ಪಟ್ಟು, ಅಂದರೆ 50%. ನೋವಾಗುತ್ತದೆ, ನಿಜ. ಆದರೂ ಬ್ಯಾನ್ ಆಗಿಲ್ಲ. ನಿದ್ದೆ, ಬೇಟನ್ ಪಾಸ್ ಎರಡೂ ನಿಮ್ಮ ಕೈಯಿಂದ ಆಟವನ್ನೇ ಕಿತ್ತುಕೊಳ್ಳುತ್ತವೆ. ಸ್ಟೆಲ್ತ್ ರಾಕ್ ಹಾಗಲ್ಲ. ಅದನ್ನು ಹಾಕಲು ಎದುರಾಳಿ ಒಂದು ಸರದಿ ಕಳೆದುಕೊಳ್ಳಬೇಕು. ಅದನ್ನು ಗುಡಿಸಿ ಹಾಕಲು ನಿಮಗೆ ರ‍್ಯಾಪಿಡ್ ಸ್ಪಿನ್, ಡಿಫಾಗ್ ಎಂಬ ಮೂವ್‌ಗಳಿವೆ. ಪೊಕೆಮಾನ್ ಬದಲಾಯಿಸುತ್ತಲೇ ಕೂರುವವರನ್ನು ಸ್ಟೆಲ್ತ್ ರಾಕ್ ತಡೆಯುತ್ತದೆ. ಜೀವ ಪೂರ್ತಿ ಇದ್ದಾಗ ಡ್ರಾಗನೈಟ್ ತಿನ್ನುವ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ. ಆ ಕವಚ ಒಡೆಯಲು ಈ ಕಲ್ಲುಗಳೇ ಬೇಕು. ಕ್ವಿವರ್ ಡ್ಯಾನ್ಸ್ ಒಂದರಲ್ಲೇ ಮೂರು ಶಕ್ತಿ ಏರಿಸಿಕೊಳ್ಳುವ ವೊಲ್ಕರೋನಾಗೂ ಇವು ಅರ್ಧ ಜೀವ ತೆಗೆಯುತ್ತವೆ. ಕಲ್ಲುಗಳನ್ನು ಎತ್ತಿಟ್ಟರೆ ಮೊದಲು ಖುಷಿಪಡುವುದು ನಿಮ್ಮ ಚಾರಿಜಾರ್ಡ್ ಅಲ್ಲ, ಈ ಇಬ್ಬರು.

ಇಷ್ಟಾದರೂ ಅಂಕಿ ಬದಲಿಸಿದ ಆಟವೇ ಬೇಕು ಅನಿಸಿದರೆ ಶೋಡೌನ್‌ನಲ್ಲಿ ಪೆಟ್ ಮಾಡ್ಸ್ ಎಂಬ ಬೇರೆಯೇ ಅಂಗಳ ಇದೆ. ಅಲ್ಲಿ ಪವರ್, ಗುಣ ಎಲ್ಲವನ್ನೂ ಆಟಗಾರರೇ ತಿದ್ದುತ್ತಾರೆ. ಓಯುನಲ್ಲೇ ಆಡುವುದಾದರೆ 2019ರ ಆಟಗಳಲ್ಲಿ ಪೊಕೆಮಾನ್ ಆಟ ಮಾಡುವ ಗೇಮ್ ಫ್ರೀಕ್ ಕಂಪನಿಯೇ ಒಂದು ವಸ್ತು ಕೊಟ್ಟಿದೆ: ಹೆವಿ-ಡ್ಯೂಟಿ ಬೂಟ್ಸ್. ನಿಮ್ಮ ಚಾರಿಜಾರ್ಡ್‌ಗೆ ಅದನ್ನು ಹಾಕಿ ಇಳಿಸಿ. ಕಲ್ಲು ತಗಲುವುದೇ ಇಲ್ಲ. ಎದುರಾಳಿ ನಾಕ್ ಆಫ್ ಎಂಬ ಮೂವ್ ಹೊಡೆದು ಬೂಟು ಬೀಳಿಸದಂತೆ ಮಾತ್ರ ನೋಡಿಕೊಳ್ಳಿ.