ಜ್ವರದ ಸಿರಪ್: ಬಾಟಲಿ ಬದಲಾದರೆ ಲೆಕ್ಕವೂ ಬದಲು

ಮಕ್ಕಳ ಪ್ಯಾರಾಸಿಟಮಾಲ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತದೆ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿ.ಗ್ರಾಂ, ಸಾದಾ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125, ‘ಡಿಎಸ್’ ಅಥವಾ ‘250’ ಎಂದಿರುವುದರಲ್ಲಿ 5 ಎಂಎಲ್‌ಗೆ 250. ಹಸುಗೂಸಿನದಲ್ವಾ, ಡ್ರಾಪ್ಸ್ ಸೌಮ್ಯ ಇರಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಆ ಪುಟ್ಟ ಬಾಟಲಿಯೇ ಮೂರರಲ್ಲಿ ಅತಿ ಗಟ್ಟಿ. ಕೂಸಿಗೆ ಸ್ವಲ್ಪವೇ ಕುಡಿಸಿದರೆ ಸಾಕಾಗಲಿ ಎಂದು ಹಾಗೆ ಮಾಡಿರುತ್ತಾರೆ.

ಲೆಕ್ಕ ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿ.ಗ್ರಾಂ ಬೇಕು. ಡ್ರಾಪ್ಸ್ ಆದರೆ 1.5 ಎಂಎಲ್, 125ರ ಸಿರಪ್ ಆದರೆ 6 ಎಂಎಲ್, 250ರದ್ದಾದರೆ 3 ಎಂಎಲ್. ಹೋದ ಸಲ ಡಾಕ್ಟರ್ ಹೇಳಿದ ‘6 ಎಂಎಲ್’ ನೆನಪಲ್ಲಿಟ್ಟುಕೊಂಡು ಈ ಸಲ ಡ್ರಾಪ್ಸ್ ಬಾಟಲಿಯಿಂದ ಅಷ್ಟೇ ಅಳೆದರೆ ಹೊಟ್ಟೆಗೆ ಹೋಗುವುದು 600, ಬೇಕಾದದ್ದರ ನಾಲ್ಕು ಪಟ್ಟು. ದೊಡ್ಡವರ 650ರ ಮಾತ್ರೆ ಮುರಿದು ಅರ್ಧ ಕೊಡುವುದೂ ಇದೇ ತಪ್ಪು, 325 ಮಿ.ಗ್ರಾಂ ಆಯಿತು. ತೂಕ ಗೊತ್ತಿಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ಕಳೆಯಿರಿ.

ಅಳೆಯಲು ಅಡುಗೆಮನೆಯ ಚಮಚ ಬೇಡ, ಒಂದೊಂದು ಚಮಚ ಒಂದೊಂದು ಅಳತೆ. ಒಳಲೆಯಲ್ಲಿ ಹಾಕಿದರೆ ಅರ್ಧ ಗೋಡೆಗೇ ಅಂಟಿ ಉಳಿಯುತ್ತದೆ. ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಸಾಕು. ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ತಳದಲ್ಲಿ ಕೂತ ಔಷಧ ಕೊನೆಯ ಡೋಸ್‌ಗಳಲ್ಲಿ ಜಾಸ್ತಿ ಬರುತ್ತದೆ. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಮೂಗು ಹಿಡಿದು ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋದೀತು. ಕುಡಿಸಿ ಹದಿನೈದು ನಿಮಿಷದೊಳಗೆ ಪೂರ್ತಿ ವಾಂತಿಯಾದರೆ ಮತ್ತೊಮ್ಮೆ ಕೊಡಬಹುದು. ಅರ್ಧ ಗಂಟೆ ಕಳೆದಿದ್ದರೆ ಮುಂದಿನ ಹೊತ್ತಿನವರೆಗೆ ಕಾಯಿರಿ.

ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಆರಾದರೆ ಒಳ್ಳೆಯದು. ದಿನಕ್ಕೆ ನಾಲ್ಕು ಸಲ ಮೀರಬಾರದು. ಔಷಧದಿಂದ ಜ್ವರ ಒಂದೆರಡು ಡಿಗ್ರಿ ಇಳಿಯುತ್ತದೆ, ಅಷ್ಟೇ. ಮಗು ನೀರು ಕುಡಿದು ಸ್ವಲ್ಪ ಆಡಿದರೆ ಅದರ ಕೆಲಸ ಆಯಿತು. 98.6ಕ್ಕೆ ಇಳಿಯಲಿಲ್ಲವೆಂದು ಎರಡೇ ಗಂಟೆಗೆ ಇನ್ನೊಂದು ಡೋಸ್ ಹಾಕುವುದರಿಂದಲೇ ಅತಿಯಾಗುವುದು. ಅಮ್ಮ ಕೊಟ್ಟದ್ದು ಅಜ್ಜಿಗೆ ಗೊತ್ತಿರುವುದಿಲ್ಲ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ ಹೊತ್ತು ಬರೆದಿಡಿ.

ಹೆಸರು ಬೇರೆ ಎಂದ ಮಾತ್ರಕ್ಕೆ ಒಳಗಿನದು ಬೇರೆಯಲ್ಲ. ನೆಗಡಿ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುವುದು ಸಾಮಾನ್ಯ. ಐಬುಪ್ರೊಫೆನ್ ಎಂಬ ಇನ್ನೊಂದು ಜ್ವರದ ಔಷಧದ ಜೊತೆ ಅದನ್ನು ಬೆರೆಸಿದ ಸಿರಪ್ ಕೂಡ ಇದೆ. ಲೇಬಲ್‌ನ ಸಣ್ಣ ಅಕ್ಷರ ಓದದೆ ಎರಡು ಬಾಟಲಿ ಒಟ್ಟಿಗೆ ಬಳಸಬೇಡಿ.

ಐಬುಪ್ರೊಫೆನ್ ಮತ್ತು ಮೆಫೆನಮಿಕ್ ಆಸಿಡ್ ಸಿರಪ್‌ಗಳನ್ನು ಕೇಳಿದೊಡನೆ ಅಂಗಡಿಯವರು ಕೊಟ್ಟುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಡಾಕ್ಟರ್ ಹೇಳದೆ ಮುಟ್ಟಬೇಡಿ. ಮಳೆಗಾಲದ ಜ್ವರ ಡೆಂಗಿ ಆಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ವಾಂತಿ-ಭೇದಿಯಿಂದ ನೀರಿನಂಶ ಕಳೆದುಕೊಂಡ ಮಗುವಿನ ಮೂತ್ರಪಿಂಡಕ್ಕೂ ಇವು ಭಾರ. ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಬರುವ ತೀವ್ರ ಅಲರ್ಜಿಯ ಬಗ್ಗೆ 2023ರಲ್ಲಿ ಭಾರತೀಯ ಫಾರ್ಮಾಕೋಪಿಯಾ ಆಯೋಗ ಎಚ್ಚರಿಸಿತ್ತು. ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡುವುದಕ್ಕೆ 2011ರಿಂದಲೇ ನಿಷೇಧವಿದೆ. ಆಸ್ಪಿರಿನ್ ಬೇಡವೇ ಬೇಡ. ಫ್ಲೂ, ಚಿಕನ್‌ಪಾಕ್ಸ್‌ಗಳ ಜೊತೆ ಅದು ಮಿದುಳು, ಯಕೃತ್ತಿಗೆ ಪೆಟ್ಟು ಕೊಡಬಲ್ಲದು.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಔಷಧ ಹಾಕಿ ಕಾಯುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು.

ಡೋಸ್ ತಪ್ಪಿ ಜಾಸ್ತಿ ಹೋಗಿದೆ ಎನಿಸಿದರೆ ಮಗು ಲವಲವಿಕೆಯಿಂದ ಇದೆ ಎಂದು ನಂಬಿ ಕೂರಬೇಡಿ. ಪ್ಯಾರಾಸಿಟಮಾಲ್ ಅತಿಯಾದಾಗ ಮೊದಲ ದಿನ ಏನೂ ಕಾಣದಿರಬಹುದು. ಯಕೃತ್ತಿನ ತೊಂದರೆ ಎರಡು-ಮೂರನೇ ದಿನಕ್ಕೆ ಹೊರಬೀಳುತ್ತದೆ. ಇದಕ್ಕೆ ಪ್ರತಿವಿಷ ಅಸಿಟೈಲ್‌ಸಿಸ್ಟೀನ್, ಎಂಟು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ವಾಂತಿ ಮಾಡಿಸಲು ಹೋಗದೆ ಬಾಟಲಿಯನ್ನೂ, ಫ್ರಿಜ್ ಮೇಲಿನ ಆ ಚೀಟಿಯನ್ನೂ ಹಿಡಿದು ಆಸ್ಪತ್ರೆಗೆ ಹೊರಡಿ.