‘ದಿ ಸಿಕ್ಸ್ತ್ ಸೆನ್ಸ್’: ತಾಯಿಯ ಕಡೆಯಿಂದ ನೋಡಿದಾಗ

1999ರಲ್ಲಿ ತೆರೆಕಂಡ ಈ ಚಿತ್ರದ ಮಾತು ಬಂದರೆ ಚರ್ಚೆ ಸಾಮಾನ್ಯವಾಗಿ ಕೊನೆಯ ತಿರುವಿಗೇ ಹೋಗಿ ನಿಲ್ಲುತ್ತದೆ. ಈ ಟಿಪ್ಪಣಿಯಲ್ಲಿ ಆ ತಿರುವಿನ ಗೊಡವೆಗೆ ಹೋಗುವುದಿಲ್ಲ. ಸತ್ತವರು ಕಣ್ಣಿಗೆ ಬೀಳುವ ಹುಡುಗ ಕೋಲ್‌ಗಿಂತ, ಅದೇನೂ ಕಾಣದೆ ಅವನೊಡನೆ ಬದುಕುವ ತಾಯಿ ಲಿನ್ ಇಲ್ಲಿ ಮುಖ್ಯ ಎಂಬುದು ನನ್ನ ವಾದ. ಉಳಿದ ಕಥೆ ಗೊತ್ತಾಗಿಬಿಡುತ್ತದೆ, ಚಿತ್ರ ನೋಡದವರು ಮೊದಲು ನೋಡಿ ಬನ್ನಿ.

ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಹುಟ್ಟಿದ್ದು ಪುದುಚೇರಿಗೆ ಸೇರಿದ ಮಾಹೆ ಪಟ್ಟಣದಲ್ಲಿ, ಬೆಳೆದದ್ದು ಫಿಲಡೆಲ್ಫಿಯಾದ ಆಸುಪಾಸಿನಲ್ಲಿ. ಕಥೆಯೂ ಅದೇ ನಗರದ್ದು. ಕೋಲ್‌ನ ತಂದೆ ಮನೆ ಬಿಟ್ಟು ಹೋಗಿದ್ದಾನೆ. ಮಗ ತಂದೆಯ ಕನ್ನಡಕವನ್ನು ಗಾಜು ತೆಗೆದು ಹಾಕಿಕೊಂಡು ಓಡಾಡುತ್ತಾನೆ.

ಮೊದಲು ಅಡುಗೆಮನೆಯ ದೃಶ್ಯವನ್ನು ಗಮನಿಸಿ. ಕೋಲ್ ಬೆಳಗಿನ ತಿಂಡಿಗೆ ಕುಳಿತಿದ್ದಾನೆ. ಅವನ ಟೈ ಮೇಲೆ ಕಲೆ ಕಂಡು ಲಿನ್ ಬೇರೆಯದನ್ನು ತರಲು ಪಕ್ಕದ ಕೋಣೆಗೆ ಹೋಗುತ್ತಾಳೆ. ಕ್ಯಾಮೆರಾ ಅವಳ ಬೆನ್ನು ಹಿಡಿದು ಹೋಗಿ, ಅವಳೊಡನೆಯೇ ಮರಳುತ್ತದೆ. ಅಷ್ಟರಲ್ಲಿ ಎಲ್ಲ ಕಪಾಟುಗಳೂ ಡ್ರಾಯರುಗಳೂ ಬಾಯ್ದೆರೆದು ನಿಂತಿವೆ. ಹುಡುಗ ಮಾತ್ರ ಕುಳಿತಲ್ಲಿಂದ ಕದಲಿಲ್ಲ. ನಡುವೆ ಒಂದು ಕಟ್ ಇದ್ದಿದ್ದರೆ ನಾವು ಹೆಚ್ಚು ಸಮಯ ಕಳೆದಿರಬೇಕು ಎಂದುಕೊಂಡು ಸಮಾಧಾನಪಡುತ್ತಿದ್ದೆವು. ಒಂದೇ ಶಾಟ್ ಆದ್ದರಿಂದ ಆ ಸಮಾಧಾನಕ್ಕೆ ಎಡೆಯಿಲ್ಲ. ಅವಳಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಮೇಜಿನ ಮೇಲೆ ಅವನ ಅಂಗೈಗಳ ಬೆವರಿನ ಗುರುತು ಮೆಲ್ಲಗೆ ಆರಿಹೋಗುತ್ತಿರುವುದನ್ನು ಅವಳು ನೋಡುತ್ತಾಳೆ. ದೆವ್ವವನ್ನು ತೋರಿಸದೆಯೇ ಮಗುವಿನ ಭಯವನ್ನು ತೋರಿಸಿದ ಈ ಜಾಣ್ಮೆಗೆ ನಾನು ಮನಸೋತಿದ್ದೇನೆ.

ಕೆಂಪು ಬಣ್ಣ, ಪ್ರೇತ ಸಿಟ್ಟಾದಾಗ ಕೊರೆಯುವ ಚಳಿ: ಈ ಸಂಕೇತಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಮತ್ತೆ ಬೇಡ. ಅದಕ್ಕಿಂತ ದುಂಬಿಯ ಆಕಾರದ ಪದಕದ ಮೇಲೆ ಕಣ್ಣಿಡಿ. ಅದು ಲಿನ್‌ಳ ತೀರಿಹೋದ ತಾಯಿಯದು, ಇಟ್ಟ ಜಾಗದಲ್ಲಿ ಇರುವುದಿಲ್ಲ. ಊಟದ ಮೇಜಿನಲ್ಲಿ ಅವಳು ಕೇಳುತ್ತಾಳೆ, ಕೋಲ್ ತಾನು ತೆಗೆದಿಲ್ಲ ಎನ್ನುತ್ತಾನೆ. ಅವನು ಹೇಳುವುದು ನಿಜ, ಅವಳಿಗದು ಸುಳ್ಳೆಂದೇ ಕೇಳಿಸುತ್ತದೆ. ಇಬ್ಬರದೂ ತಪ್ಪಿಲ್ಲದೆ ಹುಟ್ಟುವ ಈ ಜಗಳ ಯಾವ ಪ್ರೇತಕ್ಕಿಂತಲೂ ಹೆಚ್ಚು ನೋಯಿಸುತ್ತದೆ. ಇನ್ನೊಂದೆಡೆ, ಮಗನ ಮೈಮೇಲಿನ ಗಾಯ ಕಂಡ ವೈದ್ಯರು ಅವಳನ್ನೇ ಶಂಕಿಸುತ್ತಾರೆ. ಆ ವೈದ್ಯನ ಪಾತ್ರ ಮಾಡಿರುವವರು ಶ್ಯಾಮಲನ್ ಅವರೇ.

ಮುಂದೆ ಕೈರಾ ಎಂಬ ಸತ್ತ ಹುಡುಗಿಯ ವಿಡಿಯೊ ಟೇಪನ್ನು ಕೋಲ್ ಅವಳ ತಂದೆಗೆ ತಲುಪಿಸುತ್ತಾನೆ. ಮಗಳು ತಂದೆಗೆ ಹೇಳಬೇಕಿದ್ದ ಸತ್ಯ ಅದರಲ್ಲಿದೆ. ಬೇರೆಯವರ ಮನೆಯ ಮಾತನ್ನು ಮುಟ್ಟಿಸಿದ ಮೇಲೆಯೇ ಅವನಿಗೆ ತನ್ನ ಮನೆಯಲ್ಲಿ ಬಾಯಿ ಬಿಡುವ ಧೈರ್ಯ ಬರುತ್ತದೆ. ಚಿತ್ರಕಥೆಯ ಈ ಅನುಕ್ರಮವನ್ನು ಬರೆದಿಟ್ಟುಕೊಳ್ಳಿ.

ಮುಂದೆ ಅಪಘಾತವಾಗಿ ವಾಹನಗಳು ನಿಂತಿವೆ. ಕಾರಿನಲ್ಲಿ ತಾಯಿ, ಮಗ ಇಬ್ಬರೇ. ಕೋಲ್ ಅಜ್ಜಿಯ ಮಾತು ತೆಗೆಯುತ್ತಾನೆ: ಪದಕ ತೆಗೆದದ್ದು ಅವಳೇ. ಬಾಲ್ಯದಲ್ಲಿ ನಿನ್ನ ನೃತ್ಯ ನೋಡಲು ಅವಳು ಬಂದಿದ್ದಳು, ಹಿಂದೆ ನಿಂತಿದ್ದರಿಂದ ನಿನಗೆ ಕಾಣಲಿಲ್ಲ. ಸಮಾಧಿಯ ಬಳಿ ನೀನು ಕೇಳಿದ ಪ್ರಶ್ನೆಗೆ ಉತ್ತರ, ‘ಪ್ರತಿದಿನವೂ’. ನನ್ನ ಬಗ್ಗೆ ನಿನಗೆ ಹೆಮ್ಮೆಯಿದೆಯೇ ಎಂದು ಲಿನ್ ತಾಯಿಯನ್ನು ಕೇಳಿದ್ದಳು. ಆಗ ಲಿನ್ ಪಾತ್ರ ಮಾಡಿರುವ ಟೋನಿ ಕೊಲೆಟ್ ಅವರ ಮುಖದಲ್ಲಿ ಅನುಮಾನ, ಕೋಪ, ಅಳು ಒಂದರ ಮೇಲೊಂದು ಏರಿ ಬರುತ್ತವೆ. ಅವರಿಗೂ ಕೋಲ್ ಆಗಿ ನಟಿಸಿದ ಹ್ಯಾಲಿ ಜೋಯಲ್ ಆಸ್ಮೆಂಟ್‌ಗೂ ಪೋಷಕ ಪಾತ್ರಗಳ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪದಕದ ಜಗಳವನ್ನೂ ಕಾರಿನ ದೃಶ್ಯವನ್ನೂ ಬೆನ್ನುಬೆನ್ನಿಗೆ ನೋಡಿ, ಎರಡರಲ್ಲೂ ಯಾರು ಯಾರ ಕಣ್ಣು ತಪ್ಪಿಸುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ.